ರಾಮರಾಯ ಗೆದ್ದಿದ್ದರೆ: ಸೋತವರ ಕಥೆ ತಿರುಗಿಸಿ ಬರೆದ ಅನುಭವ

1565ರ ಜನವರಿ 23, ದಖ್ಖನಿನ ಸುಲ್ತಾನರ ಕೂಟದೆದುರು ವಿಜಯನಗರ ಸೋತ ತಾಳಿಕೋಟೆ ಯುದ್ಧದ ದಿನ. ರಕ್ಕಸಗಿ ಮತ್ತು ತಂಗಡಗಿಯ ಬಯಲಿನಲ್ಲಿ ಆ ದಿನ ಬೇರೆ ರೀತಿ ಮುಗಿದಿದ್ದರೆ ಎಂದು ಒಮ್ಮೆಯಾದರೂ ಹಲುಬದ ಕನ್ನಡಿಗರು ಕಡಿಮೆ. ಪರ್ಯಾಯ ಇತಿಹಾಸದ ಕಥೆ ಬರೆಯಲು ಕೂತಾಗ ನಾನೂ ಆ ದಿನವನ್ನೇ ಎತ್ತಿಕೊಂಡೆ. ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ಗೆಲ್ಲಬೇಕು, ಮುಂದೇನಾಯಿತೆಂದು ನಾನು ಬರೆಯಬೇಕು.

ಮೊದಲು ಎದುರಾದದ್ದು ಇತಿಹಾಸವನ್ನು ಎಲ್ಲಿ ಮುರಿಯುವುದು ಎಂಬ ಪ್ರಶ್ನೆ. ಸೋಲಿಗೆ ಎರಡು ಕಾರಣಗಳು ಆಕರಗಳಲ್ಲಿ ಸಿಗುತ್ತವೆ. ಕೆಲವು ದಶಕಗಳ ನಂತರ ಬಿಜಾಪುರದಲ್ಲಿ ಕೂತು ಬರೆದ ಇತಿಹಾಸಕಾರ ಫೆರಿಷ್ತಾ ಹೇಳುವ ಪ್ರಕಾರ, ಆನೆಯೊಂದು ನುಗ್ಗಿ ಬಂದಾಗ ಬೋವಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ರಾಮರಾಯ ಸೆರೆಸಿಕ್ಕ. 1567ರಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ವ್ಯಾಪಾರಿ ಸೀಸರ್ ಫೆಡರಿಚಿಯ ಪ್ರಕಾರ, ರಾಮರಾಯನ ಕೈಕೆಳಗಿನ ಇಬ್ಬರು ಮುಸ್ಲಿಂ ದಳಪತಿಗಳು ಯುದ್ಧದ ನಡುವೆ ತಿರುಗಿಬಿದ್ದರು. ನಮ್ಮ ಜನಮನದಲ್ಲಿ ಉಳಿದದ್ದು ಎರಡನೆಯದೇ.

ನಾನು ಆನೆಯನ್ನು ಆರಿಸಿಕೊಂಡೆ. ದ್ರೋಹ ಸುಳ್ಳೆಂದು ತೀರ್ಮಾನಿಸಿ ಅಲ್ಲ. ಸೋತ ಕಡೆಯ ನೆನಪಿಗೆ ದ್ರೋಹದ ಕಥೆ ಬಹಳ ಹಿತ: ನಾವು ಸೋಲಲಿಲ್ಲ, ನಮಗೆ ಮೋಸವಾಯಿತು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲೂ ಬೆನ್ನಿಗೆ ಚೂರಿ ಹಾಕಿದರೆಂಬ ಮಾತು ಹಬ್ಬಿತು, ಅದರಿಂದ ಎಂಥ ಅನಾಹುತವಾಯಿತೆಂದು ಗೊತ್ತೇ ಇದೆ. ದ್ರೋಹವನ್ನು ಅಳಿಸಿ ಬರೆದರೆ ಇಡೀ ಕಥೆ ದ್ರೋಹಿಗಳನ್ನು ಹುಡುಕುವ ಕಥೆಯಾಗುತ್ತದೆ. ಆನೆ ಎರಡು ಮಾರು ಪಕ್ಕಕ್ಕೆ ಸರಿದರೆ ಯಾರ ಮೇಲೂ ಹಗೆ ಸಾಧಿಸಬೇಕಿಲ್ಲ.

ನಂತರ 1565ಕ್ಕೆ ಹಿಂದಿನ ಇಪ್ಪತ್ತು ವರ್ಷಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಯಾರು ಯಾವಾಗ ಯಾರ ಜೊತೆಗಿದ್ದರು ಎಂಬ ಲೆಕ್ಕದಲ್ಲಿ ಬರೆದಿಟ್ಟೆ. ಈ ಕೆಲಸ ಮಾಡದೆ ಇಂಥ ಕಥೆಗೆ ಕೈ ಹಾಕಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮುಂಚೆ ವರ್ಷಗಟ್ಟಲೆ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ಸಾಂತ್ವನ ಹೇಳಲು ವಿಜಯನಗರಕ್ಕೇ ಬಂದವನು. ಅಲಿ ಮತ್ತು ರಾಮರಾಯರ ಸೈನ್ಯ ಕೂಡಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿತ್ತು. ಅದೇ ಅಲಿ ಕೊನೆಗೆ ಅಹಮದ್‌ನಗರದ ಹುಸೇನ್ ನಿಜಾಮ್ ಷಾನ ಮಗಳು ಚಾಂದ್ ಬೀಬಿಯನ್ನು ಮದುವೆಯಾದ, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು, ಕೂಟ ಕಟ್ಟಿತು. ಇಷ್ಟನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಎರಡು ಧರ್ಮಗಳ ಅಂತಿಮ ಕಾಳಗ ಎಂಬ ಚಿತ್ರ ನನ್ನ ಕಥೆಯಲ್ಲಿ ನಿಲ್ಲಲೇ ಇಲ್ಲ.

ಗೆದ್ದ ಮೇಲೇನು? ರಾಮರಾಯ ಆಗಲೇ ಮುದುಕ. ಹೆಸರಿಗೆ ರಾಜನಾಗಿದ್ದ ಸದಾಶಿವರಾಯ ಅವನ ಕಾವಲಿನಲ್ಲಿದ್ದ. ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಇಬ್ಬರೂ ಬಲಿಷ್ಠರು, ನನ್ನ ಕಥೆಯಲ್ಲಿ ವೆಂಕಟಾದ್ರಿಯೂ ಬದುಕಿ ಬರುತ್ತಾನೆ. ಗೆಲುವಿನ ಮೆರವಣಿಗೆಯನ್ನು ಒಂದೇ ಪುಟದಲ್ಲಿ ಮುಗಿಸಿ, ಉಳಿದದ್ದನ್ನು ಪಟ್ಟ ಯಾರಿಗೆ ಎಂಬ ಜಗಳಕ್ಕೆ ಕೊಟ್ಟೆ. ಮಧುರೆ, ತಂಜಾವೂರು, ಜಿಂಜಿಯ ನಾಯಕರು ಆ ಜಗಳವನ್ನು ದೂರದಿಂದ ನೋಡುತ್ತ ಕಪ್ಪ ಕಳಿಸುವುದನ್ನು ತಡಮಾಡುತ್ತಾರೆ. ಯುದ್ಧ ಗೆದ್ದರೂ ಈ ಬಿರುಕು ಹೋಗುವಂಥದ್ದಲ್ಲ.

ನನಗೆ ನಿಜಕ್ಕೂ ಸಂಕಟವಾದದ್ದು ಇನ್ನೊಂದು ಪಟ್ಟಿ ಮಾಡುವಾಗ. ರಾಮರಾಯ ಗೆದ್ದು ಬಿಜಾಪುರವನ್ನು ವಶಪಡಿಸಿಕೊಂಡರೆ ಏನೇನು ಹುಟ್ಟುವುದೇ ಇಲ್ಲ? ಗೋಲಗುಂಬಜ್ ಇಲ್ಲ, ಅದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಷಾನ ಗೋರಿ. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ, ಜಗದ್ಗುರು ಎನಿಸಿಕೊಂಡ ಎರಡನೇ ಇಬ್ರಾಹಿಂ ಪಟ್ಟಕ್ಕೆ ಬರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯ ಕೈ ಸೋಲದಿದ್ದರೆ 1610ರಲ್ಲಿ ರಾಜ ಒಡೆಯರು ಅದನ್ನು ಹಿಡಿಯುವುದಿಲ್ಲ, ಅಲ್ಲಿ ಶುರುವಾದ ಒಡೆಯರ ದಸರೆಯೂ ಇಲ್ಲ. ವಿಜಯನಗರದ ಮಹಾನವಮಿ ಮೈಸೂರಿಗೆ ಬಂದದ್ದೇ ಆ ಸೋಲಿನ ದಾರಿಯಲ್ಲಿ. ಹಂಪಿಗಾಗಿ ಅಳುವ ನಾವು, ಹಂಪಿ ಉಳಿದಿದ್ದರೆ ಇವು ಯಾವುದಕ್ಕೂ ಅಳುತ್ತಿರಲಿಲ್ಲ. ಇರದೇ ಹೋದದ್ದಕ್ಕೆ ಯಾರು ಅಳುತ್ತಾರೆ? ಈ ಪಟ್ಟಿಯಿಂದಲೇ ಕಥೆಯ ಮುಖ್ಯ ಪಾತ್ರ ಸಿಕ್ಕಿತು: ಸೋತ ಬಿಜಾಪುರದಿಂದ ವಿಜಯನಗರಕ್ಕೆ ಕೆಲಸ ಹುಡುಕಿ ಬರುವ ಒಬ್ಬ ಕಲ್ಲುಕುಟಿಗ, ತಾನು ಕಟ್ಟಬಹುದಾಗಿದ್ದ ಗುಮ್ಮಟವನ್ನು ಮರಳಿನ ಮೇಲೆ ಗೀಚಿ ಮಗನಿಗೆ ತೋರಿಸುವವನು. ಆ ಕಥೆಯಲ್ಲಿ ಸೋತವನು ಅವನು, ನೆನಪಿಸಿಕೊಳ್ಳುವವನೂ ಅವನೇ.

ನಿಜ ಇತಿಹಾಸದಲ್ಲಿ ಸೋಲಿನ ನೆನಪು ಹೇಗೆ ಬೆಳೆಯಿತು ಎಂಬುದನ್ನೂ ಓದಿಕೊಂಡೆ. 1900ರಲ್ಲಿ ಬ್ರಿಟಿಷ್ ಇತಿಹಾಸಕಾರ ರಾಬರ್ಟ್ ಸೆವೆಲ್ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯ ಎಂದು ಕರೆದ. 1936ರಲ್ಲಿ ಅದೇ ಸಾಮ್ರಾಜ್ಯ ಸ್ಥಾಪನೆಯಾದ ಆರುನೂರನೇ ವರ್ಷದ ಉತ್ಸವ ನಡೆಯಿತು. ನಡುವಿನ ಆ ದಶಕಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು ಒಂದುಗೂಡಿಸಲು ದುಡಿದ ಆಲೂರು ವೆಂಕಟರಾಯರಂಥವರಿಗೆ ವಿಜಯನಗರ ಬೇಕಾಗಿತ್ತು. ಆ ನೆನಪು ನಮಗೆ ನಾಡೊಂದನ್ನು ಕೊಟ್ಟಿತು, ಅದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಆದರೆ ಅದು 1565ಕ್ಕೇ ನಿಂತುಬಿಟ್ಟಿತು. ತಿರುಮಲ ಪೆನುಕೊಂಡೆಗೆ ಹೋಗಿ ಅರವೀಡು ವಂಶ ಸ್ಥಾಪಿಸಿದ್ದು, ಅದು ಚಂದ್ರಗಿರಿ, ವೇಲೂರುಗಳಲ್ಲಿ ಮುಂದುವರಿದದ್ದು, ಹಂಪಿಯ ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿರುವುದು, ಇವು ಆ ದುಃಖದ ಕಥೆಯೊಳಗೆ ಹಿಡಿಸುವುದಿಲ್ಲ.

ಅದಕ್ಕೇ ಮುಂದಿನ ಕಥೆಗೆ ಅರವೀಡು ವಂಶದ ಕೊನೆಯ ಶ್ರೀರಂಗರಾಯನನ್ನು ಆರಿಸಿಕೊಂಡಿದ್ದೇನೆ. ಎಲ್ಲ ಕಳೆದುಕೊಂಡು ಕೆಳದಿಯ ಶಿವಪ್ಪನಾಯಕನ ಆಶ್ರಯಕ್ಕೆ ಬಂದ ದೊರೆ ಅವನು. ಇತ್ತ ಬಿಜಾಪುರ, ಅತ್ತ ಗೋಲ್ಕೊಂಡ, ಬೆನ್ನ ಹಿಂದೆ ಮಧುರೆಯ ನಾಯಕ. ಎಲ್ಲಿ ಮುರಿದರೆ ಅವನು ಉಳಿದಾನು ಎಂದು ನೋಟ್‌ಬುಕ್ಕಿನಲ್ಲಿ ಹೊಸ ಪಟ್ಟಿ ಶುರುವಾಗಿದೆ, ಸದ್ಯಕ್ಕೆ ಮಧುರೆಯ ಹೆಸರಿನ ಕೆಳಗೆ ಗೆರೆ ಎಳೆದಿದ್ದೇನೆ.