ಏಳಡಿ ಅಗಲದ ಲಾಕ್: ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ದೋಣಿ ಹತ್ತಿಸುವ, ಇಳಿಸುವ ಬಗೆ

ಇಂಗ್ಲೆಂಡಿನಲ್ಲಿ ವಾರದ ಮಟ್ಟಿಗೆ ನ್ಯಾರೋಬೋಟ್, ಅಂದರೆ ಕಾಲುವೆಯ ಕಿರಿದಾದ ಉದ್ದನೆಯ ದೋಣಿ, ಬಾಡಿಗೆಗೆ ಹಿಡಿದವರಿಗೆ ಚುಕ್ಕಾಣಿ ಅರ್ಧ ದಿನದಲ್ಲೇ ಕೈಗೆ ಹತ್ತುತ್ತದೆ. ಗಂಟೆಗೆ 4 ಮೈಲಿ ಮೀರುವಂತಿಲ್ಲವಾದ್ದರಿಂದ ಆತುರಕ್ಕೂ ಜಾಗವಿಲ್ಲ. ಎಡವಟ್ಟಾಗುವುದು ಲಾಕ್‌ನಲ್ಲಿ. ಊರ ಕೆರೆಯ ತೂಬು ಕಂಡವರಿಗೆ ಅದೂ ತೀರ ಹೊಸದಲ್ಲ: ಇಟ್ಟಿಗೆ-ಕಲ್ಲಿನ ಉದ್ದನೆಯ ತೊಟ್ಟಿ, ಎರಡು ತುದಿಗೂ ಬಾಗಿಲು, ನೀರು ಬಿಡಲು ತೂಬು. ತೂಬಿಗೆ ಅಲ್ಲಿ ಪ್ಯಾಡಲ್ ಎನ್ನುತ್ತಾರೆ. ದೋಣಿಯನ್ನು ಎತ್ತುವುದು ಎಂಜಿನ್ ಅಲ್ಲ, ಮೇಲಿನಿಂದ ಇಳಿಯುವ ನೀರು.

ಆ ನೀರೇ ಕಾಲುವೆಯ ಬಂಡವಾಳ. 1761ರಲ್ಲಿ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಸಾಗಿಸಲು ಬ್ರಿಡ್ಜ್‌ವಾಟರ್ ಡ್ಯೂಕ್ ತೆರೆಸಿದ ಕಾಲುವೆ ಒಂದೇ ಮಟ್ಟದಲ್ಲಿ ಸಾಗಿತ್ತು, ಲಾಕಿನ ಗೊಡವೆ ಇರಲಿಲ್ಲ. 1766ರಲ್ಲಿ ಟ್ರೆಂಟ್-ಮರ್ಸಿ ಕಾಲುವೆ ಕೈಗೆತ್ತಿಕೊಂಡಾಗ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿಗೆ ಹೇರ್‌ಕ್ಯಾಸಲ್ ಗುಡ್ಡ ಅಡ್ಡ ಬಂತು. ಅದನ್ನು ಕೊರೆಯಬೇಕಿದ್ದ ಸುರಂಗ 2.6 ಕಿ.ಮೀ. ಉದ್ದದ್ದು, ಅಗಲಿಸಿದಷ್ಟೂ ದುಡ್ಡು. ಹಾಗಾಗಿ ದೋಣಿಯನ್ನೇ ಕಿರಿದು ಮಾಡಿದರು: ಸುಮಾರು 70 ಅಡಿ ಉದ್ದ, 7 ಅಡಿ ಅಗಲ. ಬ್ರಿಂಡ್ಲಿ 1772ರಲ್ಲಿ ತೀರಿಕೊಂಡ, ಕಾಲುವೆ ಮುಗಿದದ್ದು 1777ರಲ್ಲಿ, ಆದರೆ ಅವನ ಅಳತೆ ಮಧ್ಯ ಇಂಗ್ಲೆಂಡಿಗೆಲ್ಲ ಹರಡಿತು. ಇಂದಿಗೂ ಅಲ್ಲಿನ ದೋಣಿ ಬಳಪದ ಡಬ್ಬಿಯಂತಿರುವುದು ಅದಕ್ಕೇ. 22 ಮೀಟರ್ ಉದ್ದ, 2.15 ಮೀಟರ್ ಅಗಲದ ತೊಟ್ಟಿ 2.5 ಮೀಟರ್ ಇಳಿದರೆ ಖರ್ಚಾಗುವ ನೀರು ಸುಮಾರು 1.2 ಲಕ್ಷ ಲೀಟರ್. ಬೆಂಗಳೂರಿಗರ ಲೆಕ್ಕದಲ್ಲಿ 12,000 ಲೀಟರಿನ ಹತ್ತು ಟ್ಯಾಂಕರ್. ಮುಂದೆ ಹೇಳುವ ಕ್ರಮದ ಬಹುಪಾಲು ಈ ಹತ್ತು ಟ್ಯಾಂಕರನ್ನು ಪೋಲು ಮಾಡದಿರುವ ಉಪಾಯ.

ಮೊದಲು ದೋಣಿಯನ್ನು ಲಾಕಿನಿಂದ ದೂರ ನಿಲ್ಲಿಸಿ, ಒಬ್ಬರು ವಿಂಡ್‌ಲಾಸ್ ಹಿಡಿದು ಇಳಿದು ನೋಡಿ ಬರಬೇಕು. ವಿಂಡ್‌ಲಾಸ್ ಎಂದರೆ ಪ್ಯಾಡಲ್ ಎತ್ತುವ, ಮೊಣಕೈಯಂತೆ ಬಾಗಿದ ಕಬ್ಬಿಣದ ಹಿಡಿ. ಎರಡಾದರೂ ಇರಲಿ, ಒಂದು ಹೇಗೂ ನೀರಿಗೆ ಬೀಳುತ್ತದೆ. ತೊಟ್ಟಿಯ ನೀರು ಎದುರಿನವರ ಮಟ್ಟದಲ್ಲಿದ್ದು ಆ ಕಡೆಯಿಂದ ದೋಣಿ ಬರುತ್ತಿದ್ದರೆ ಅವರನ್ನು ಮೊದಲು ಬಿಡಿ. ನೀವೇ ಮುಂದೆ ನುಗ್ಗಿದರೆ ಒಂದು ಲಾಕಿನ ನೀರು ದಂಡ.

ಹತ್ತುವಾಗ: ಕೆಳಗಿನ ಬಾಗಿಲಿಂದ ಒಳಗೆ ಹೋಗಿ, ಬಾಗಿಲು ಮುಚ್ಚಿ, ಅದರ ಪ್ಯಾಡಲ್‌ಗಳನ್ನು ಇಳಿಸಿ. ದೋಣಿಯ ಮುಂಬಾಗಿಲನ್ನೂ ಹಾಕಿಕೊಳ್ಳಿ. ಮೇಲ್ಗಡೆ ನೆಲದಲ್ಲಿರುವ ಪ್ಯಾಡಲನ್ನು ಮೊದಲು ಅರ್ಧ ಎತ್ತಿ, ದೋಣಿ ನೆಲೆಯಾದ ಮೇಲೆ ಪೂರ್ತಿ ಎತ್ತಿ. ಅದರ ನೀರು ತಳದಿಂದ ಬರುತ್ತದೆ. ಬಾಗಿಲಿನಲ್ಲೇ ಕೂರಿಸಿದ ಪ್ಯಾಡಲ್ ಇದ್ದರೆ ಅದರ ಕಂಡಿ ಮುಳುಗುವ ತನಕ ಮುಟ್ಟಬೇಡಿ. ಅವಸರಪಟ್ಟರೆ ಧಾರೆ ನೇರ ದೋಣಿಯ ಮುಂಭಾಗಕ್ಕೆ ಬಿದ್ದು ಒಳಗೆ ತುಂಬುತ್ತದೆ. ಮೂತಿ ಬಾಗಿಲಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕದಂತೆ ಚುಕ್ಕಾಣಿಯವರು ಕಣ್ಣಿಟ್ಟಿರಲಿ. ಎರಡೂ ಕಡೆ ನೀರು ಸಮವಾಗುವ ತನಕ ಬಾಗಿಲು ಮಿಸುಕುವುದಿಲ್ಲ, ಜಗ್ಗಿ ಫಲವಿಲ್ಲ. ಸಮವಾದ ಮೇಲೆ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನಿಧಾನ ತಳ್ಳಿ.

ಇಳಿಯುವುದು ಸುಲಭವೆನಿಸುತ್ತದೆ, ಅಪಾಯ ಮಾತ್ರ ಅಲ್ಲೇ ಹೆಚ್ಚು. ಮೇಲಿನ ಬಾಗಿಲಿನ ಬುಡದಲ್ಲಿ ಸಿಲ್ ಎಂಬ ಕಟ್ಟೆ ಒಳಕ್ಕೆ ಚಾಚಿರುತ್ತದೆ. ತೊಟ್ಟಿ ತುಂಬಿದಾಗ ಕಾಣುವುದಿಲ್ಲ. ನೀರು ಇಳಿಯುತ್ತ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮಾತ್ರ ಕೆಳಗಿಳಿದು ದೋಣಿ ಮುಗ್ಗರಿಸುತ್ತದೆ, ನಿಮಿಷಗಳಲ್ಲಿ ಮುಳುಗಲೂಬಹುದು. ಸಿಲ್ ಎಲ್ಲಿಯವರೆಗಿದೆ ಎಂದು ದಡದಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ಚುಕ್ಕಾಣಿ ಸದಾ ಅದಕ್ಕಿಂತ ಮುಂದಿರಲಿ. ಹಗ್ಗವನ್ನು ಗೂಟಕ್ಕೆ ಗಂಟು ಹಾಕಬೇಡಿ, ಒಂದು ಸುತ್ತು ಸುತ್ತಿ ಕೈಯಲ್ಲಿ ಸಡಿಲಿಸುತ್ತಿರಿ. ಗಂಟು ಹಾಕಿದರೆ ದೋಣಿ ನೇತಾಡುತ್ತದೆ. ಸಿಕ್ಕಿಹಾಕಿಕೊಂಡಿತೋ, ಮೊದಲು ಕೆಳಗಿನ ಪ್ಯಾಡಲ್ ಮುಚ್ಚಿ, ನಂತರ ಮೇಲಿನದನ್ನು ನಿಧಾನ ತೆರೆದು ಮತ್ತೆ ತೇಲಿಸಿ. ಇದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಬಾಯಿಪಾಠ ಮಾಡಿಸಿ.

ಪ್ಯಾಡಲ್ ಎತ್ತಿದ ಮೇಲೆ ಅದನ್ನು ಹಿಡಿದಿಡುವ ತಡೆಕೊಕ್ಕೆ ಹಲ್ಲುಚಕ್ರದ ಹಲ್ಲಿಗೆ ಕೂತಿದೆಯೇ ನೋಡಿ, ವಿಂಡ್‌ಲಾಸ್ ಕಳಚಿಕೊಳ್ಳಿ. ಅಲ್ಲೇ ಬಿಟ್ಟರೆ ಕೊಕ್ಕೆ ಜಾರಿದಾಗ ವಿಂಡ್‌ಲಾಸ್ ಗಿರ್ರನೆ ತಿರುಗಿ ಹಾರುತ್ತದೆ, ಮುಂಗೈ ಮುರಿಯುವುದು ಹೀಗೆ. ಇಳಿಸುವಾಗಲೂ ತಿರುಗಿಸಿಯೇ ಇಳಿಸಿ, ಧಡಾರನೆ ಬೀಳಿಸಬೇಡಿ.

ಹೊರಟಾಗ ಬಾಗಿಲು, ಪ್ಯಾಡಲ್ ಎಲ್ಲ ಮುಚ್ಚಿದೆಯೇ ಎಂದು ತಿರುಗಿ ನೋಡಿ. ರಾತ್ರಿಯಿಡೀ ಒಂದು ಪ್ಯಾಡಲ್ ಅರೆತೆರೆದಿದ್ದರೆ ಎರಡು ಲಾಕ್‌ಗಳ ನಡುವಿನ ಗಿಡ್ಡ ಪಟ್ಟಿ ಬರಿದಾಗಿ, ಬೆಳಿಗ್ಗೆ ದೋಣಿಗಳು ಕೆಸರಿನಲ್ಲಿ ಕೂತಿರುತ್ತವೆ. ಟಾರ್ಡೆಬಿಗ್‌ನಂತೆ 30 ಲಾಕ್ ಸಾಲಾಗಿರುವ ಕಡೆ ಈ ತಪ್ಪು ಹತ್ತಾರು ಜನರ ದಿನ ಕೆಡಿಸುತ್ತದೆ.

ಲೆಸ್ಟರ್‌ಶೈರಿನ ಫಾಕ್ಸ್‌ಟನ್‌ನಲ್ಲಿ ಕ್ರಮವೇ ಬೇರೆ. 1814ರಲ್ಲಿ ತೆರೆದ ಅಲ್ಲಿನ ಹತ್ತು ಲಾಕ್ ಐದೈದರ ಎರಡು ಮೆಟ್ಟಿಲುಸಾಲು, ಒಂದರ ಮೇಲ್ಬಾಗಿಲೇ ಇನ್ನೊಂದರ ಕೆಳಬಾಗಿಲು. ನೀರು ಪಕ್ಕದ ಕೊಳಗಳ ಮೂಲಕ ಹರಿಯುತ್ತದೆ. ಪ್ಯಾಡಲ್‌ಗಳಿಗೆ ಕೆಂಪು, ಬಿಳಿ ಬಣ್ಣ ಹಚ್ಚಿದ್ದಾರೆ: ಕೆಂಪು ಮೊದಲು, ಬಿಳಿ ಆಮೇಲೆ. ಕೆಂಪು ಪ್ಯಾಡಲ್ ಕೊಳದ ನೀರನ್ನು ಕೆಳಗಿನ ತೊಟ್ಟಿಗೆ ಬಿಡುತ್ತದೆ, ಬಿಳಿಯದು ಮೇಲಿನ ತೊಟ್ಟಿಯನ್ನು ಕೊಳಕ್ಕೆ ಖಾಲಿ ಮಾಡುತ್ತದೆ. ತಿರುವುಮುರುವಾದರೆ ಕೊಳ ಕೋಡಿ ಬೀಳುತ್ತದೆ. ಐದರ ಸಾಲಿನೊಳಗೆ ಎದುರುಬದುರು ದೋಣಿ ದಾಟಲಾರದು. ಆದ್ದರಿಂದ ದೋಣಿಯನ್ನು ಸಾಲಿನ ಹೊರಗೇ ಕಟ್ಟಿ, ನಡೆದು ಹೋಗಿ ಲಾಕ್ ಕಾಯುವವರಿಗೆ ಹೇಳಿ, ಸರದಿ ಬಂದಾಗ ಒಳಗೆ ಬನ್ನಿ.