ಕಾಯಿಲೆ ಬಿದ್ದ ಮೀನಿಗೆ ಬೇರೆ ಟ್ಯಾಂಕು

ಮೊಮ್ಮಕ್ಕಳ ಗೋಲ್ಡ್‌ಫಿಶ್ ಬಾಲ ಅಂಚಿನಿಂದ ಕೊಳೆಯುತ್ತ ಬಂತೆಂದು ನಾನೊಮ್ಮೆ ಅವಸರಪಟ್ಟು ಇಡೀ ಅಕ್ವೇರಿಯಂಗೇ ಆಂಟಿಬಯೋಟಿಕ್ ಹಾಕಿದ್ದೆ. ಮೂರನೇ ದಿನಕ್ಕೆ ನೀರು ಹಾಲಿನಂತಾಯಿತು, ಗಟ್ಟಿಮುಟ್ಟಾಗಿದ್ದ ಮೀನುಗಳೂ ಮೇಲೆ ಬಂದು ಬಾಯಿ ಬಿಡತೊಡಗಿದವು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದ ವಿಷ ಇಳಿಸುವ ಒಳ್ಳೆಯ ಬ್ಯಾಕ್ಟೀರಿಯಾ ಫಿಲ್ಟರಿನಲ್ಲೇ ಇರುತ್ತವೆ. ಔಷಧ ಅವನ್ನೂ ಕೊಂದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಔಷಧದ ಟ್ಯಾಂಕು ಬೇರೆ.

ಅದಕ್ಕೆ ಮರಳು, ಗಿಡ ಏನೂ ಬೇಡ. ಸ್ಪಂಜ್ ಫಿಲ್ಟರ್, ಗಾಳಿ ಪಂಪು, ಮುಚ್ಚಳ ಸಾಕು. ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆಯಿರಿ, ಅದು ಔಷಧವನ್ನೇ ಹೀರಿಬಿಡುತ್ತದೆ. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ: 45, 30, 20 ಆದರೆ 27 ಲೀಟರ್. ಕಣ್ಣಳತೆಯಲ್ಲಿ ಔಷಧ ಹಾಕಬೇಡಿ. ನೀರು ಬದಲಿಸಿದಾಗಲೂ ಹೊಸದಾಗಿ ಹಾಕಿದ ನೀರಿಗೆ ತಕ್ಕಷ್ಟೇ ಔಷಧ.

ಆದರೆ ಮೊದಲು ರೋಗ ಯಾವುದು ನೋಡ್ರಿ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ಪರಾವಲಂಬಿ ಜೀವಿಯದು, ಆಂಟಿಬಯೋಟಿಕ್ಕಿಗೆ ಬಗ್ಗದು. ಬಾಯಿಯ ಸುತ್ತ ಹತ್ತಿಯಂತೆ ಬೆಳೆದದ್ದು ಬೂಷ್ಟೆಂದು ಕಂಡರೂ ಎಷ್ಟೋ ಸಲ ಬ್ಯಾಕ್ಟೀರಿಯಾದ್ದೇ. ರೆಕ್ಕೆ ಕೊಳೆಯುವುದು ಹೆಚ್ಚಾಗಿ ನೀರು ಕೆಟ್ಟು. ಆರಂಭದಲ್ಲೇ ಕಂಡರೆ ನಾಲ್ಕೈದು ದಿನ ನೀರು ಬದಲಿಸಿಯೇ ಗುಣವಾದದ್ದುಂಟು. ತಿಳಿಯದಿದ್ದರೆ ವಿಡಿಯೊ ಮಾಡಿಕೊಂಡು ಪಶುವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಉಳಿದ ಕ್ಯಾಪ್ಸೂಲ್ ಬಿಚ್ಚಿ ಸುರಿಯುವುದಂತೂ ಬೇಡವೇ ಬೇಡ.

ನಮ್ಮ ಕಲಬುರಗಿ ಕಡೆಯವರು ಇನ್ನೊಂದು ತಿಳಿದಿರಬೇಕು. ಮನೆಮನೆಗೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಅಂಥ ಕಲ್ಲಿನ ನೆಲದಲ್ಲಿ ನೀರಿಗೂ ಸುಣ್ಣ ಸೇರುತ್ತದೆ, ಅದಕ್ಕೇ ಇಲ್ಲಿ ಬೋರಿನ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರು ಕಟ್ಟುತ್ತದೆ. ಅಂಥ ಗಡಸು ನೀರಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೀನಿಗೆ ದಕ್ಕುವುದು ಸ್ವಲ್ಪವೇ. ಎಷ್ಟು ಹಾಕಿದರೂ ಗುಣ ಕಾಣದೆಂದು ಡೋಸು ಏರಿಸುತ್ತ ಹೋಗುವವರನ್ನು ಕಂಡು ಸಂಕಟವಾಗುತ್ತದೆ. ಬೋರಿನ ನೀರೆಂದು ವೈದ್ಯರಿಗೆ ಹೇಳಿ. ಮೀನು ಇನ್ನೂ ತಿನ್ನುತ್ತಿದ್ದರೆ ಆಹಾರದಲ್ಲಿ ಬೆರೆಸಿ ಕೊಡಬಹುದೇ ಎಂದು ಕೇಳಿ. ಆ ಔಷಧ ಬೆಳಕಿಗೂ ಕೆಡುತ್ತದೆ, ಟ್ಯಾಂಕಿಗೆ ಬಟ್ಟೆ ಹೊದಿಸಿ. ಏಪ್ರಿಲ್, ಮೇ ಬಿಸಿಲಿಗೆ ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಕರೆಂಟ್ ಹೋದಾಗಿನ ಸಲುವಾಗಿ ಬ್ಯಾಟರಿ ಪಂಪು ಇರಲಿ.

ಮೀನು ಚುರುಕಾಯಿತೆಂದು ನಡುವೆ ನಿಲ್ಲಿಸಬೇಡಿ, ವೈದ್ಯರು ಹೇಳಿದಷ್ಟು ದಿನ ಕೊಡಿ. ಔಷಧದ ಟ್ಯಾಂಕಿನ ಬಲೆ, ಬಕೆಟ್ ದೊಡ್ಡ ಅಕ್ವೇರಿಯಂಗೆ ತಾಗಬಾರದು. ಔಷಧದ ನೀರು ಬಾವಿ, ಕೆರೆಗೆ ಹರಿಯದಂತೆ ನೋಡಿಕೊಳ್ಳಿ.