ಮೀಟಿಯರ್ ಓಡಿಸುವವರು ಆರ್15 ಹತ್ತುವ ಮೊದಲು

ನಾಲ್ಕು ವರ್ಷದಿಂದ ನನ್ನದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಅಂದರೆ ನೆಟ್ಟಗೆ ಕೂತು ಪಾದ ಮುಂದೆ ಇಟ್ಟು ಓಡಿಸುವ ಕ್ರೂಸರ್ ಬೈಕ್. ತುಮಕೂರಿನಿಂದ ಶಿರಾ, ಮಧುಗಿರಿ, ತಿಪಟೂರು, ಆಗಾಗ ಬೆಂಗಳೂರು, ಎಲ್ಲಾ ಅದರಲ್ಲೇ. ಈ ಜನವರಿಯಲ್ಲಿ ಚಿಕ್ಕಪ್ಪನ ಮಗ ಕೆಲಸದ ಮೇಲೆ ಎರಡು ವಾರ ಹೊರಗೆ ಹೋಗಬೇಕಾಯಿತು. ತನ್ನ ಯಮಹಾ ಆರ್15 ವಿ4 ಕೀ ನನ್ನ ಕೈಗೆ ಕೊಟ್ಟು, "ಅಣ್ಣಾ, ಸುಮ್ನೆ ನಿಲ್ಲಿಸಬೇಡ, ದಿನಾ ಸ್ವಲ್ಪ ಓಡಿಸ್ತಾ ಇರು" ಅಂದ. ಕ್ರೂಸರ್ ಬಿಟ್ಟು ಬೇರೆ ಗಾಡಿ ಅಭ್ಯಾಸವೇ ಇಲ್ಲದವರು ಸ್ಪೋರ್ಟ್ಸ್ ಬೈಕ್ ಹತ್ತಿದರೆ ಏನೇನು ಬದಲಾಗುತ್ತದೆ, ಯಾವುದನ್ನು ಮೊದಲು ಕಲಿಯಬೇಕು ಅನ್ನುವುದು ಆ ಎರಡು ವಾರದಲ್ಲಿ ಚೆನ್ನಾಗಿ ಗೊತ್ತಾಯಿತು.

ಒಂದೇ ಮಾತಲ್ಲಿ ಹೇಳುವುದಾದರೆ: ಮಂಡಿ ಬಿಗಿ, ಕೈ ಸಡಿಲ. ಇದೊಂದು ಬಂದರೆ ಬ್ರೇಕು, ತಿರುವು, ಇಳಿಜಾರು ಎಲ್ಲಾ ದಾರಿಗೆ ಬರುತ್ತವೆ. ಇದು ಬರದೇ ಇದ್ದರೆ ಮೊದಲ ದಿನವೇ ಮಣಿಕಟ್ಟು ನೋಯುತ್ತದೆ, ಆಮೇಲೆ "ಈ ಗಾಡಿ ನಮ್ಮಂಥವರಿಗಲ್ಲ" ಅಂತ ಕೀ ವಾಪಸ್ ಕೊಟ್ಟುಬಿಡುತ್ತೀರಿ.

ಸ್ಟಾರ್ಟ್ ಮಾಡುವ ಮೊದಲು ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಮೀಟಿಯರ್ ಸೀಟು ನೆಲದಿಂದ 765 ಮಿಲಿಮೀಟರ್, ಆರ್15ದು 815. ಐದು ಸೆಂಟಿಮೀಟರ್ ಎಂದರೆ ಕಡಿಮೆ ಅನ್ನಿಸಬಹುದು, ಆದರೆ ಸಿಗ್ನಲ್‌ನಲ್ಲಿ ಪಾದ ಪೂರ್ತಿ ಊರುತ್ತಿದ್ದವರಿಗೆ ಈಗ ಬೆರಳ ತುದಿ ಮಾತ್ರ ಸಿಗಬಹುದು. ಸಮಾಧಾನದ ವಿಷಯ ಎಂದರೆ ತೂಕ. ಮೀಟಿಯರ್ 191 ಕೆಜಿ, ಆರ್15 ಸುಮಾರು 142. ವಾಲಿದರೂ ಹಿಡಿಯಬಹುದು. ಆದರೂ ರಸ್ತೆ ಯಾವ ಕಡೆ ಇಳಿಜಾರಿದೆ ಎಂದು ನೋಡಿಕೊಂಡು ಕಾಲು ಊರುವ ಅಭ್ಯಾಸ ಮಾಡಿಕೊಳ್ಳಿ.

ಈಗ ಮನೆಯಲ್ಲಿ ಯಾರನ್ನಾದರೂ ಕರೆದು, ಗಾಡಿಯ ಮುಂದೆ ನಿಂತು ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ. ನೀವು ಎರಡೂ ಕಾಲು ಫುಟ್‌ರೆಸ್ಟ್ ಮೇಲೆ ಇಟ್ಟು, ಮುಂದಕ್ಕೆ ಬಾಗಿ, ಮಂಡಿ ಮತ್ತು ತೊಡೆಯಿಂದ ಟ್ಯಾಂಕ್ ಅಪ್ಪಿ ಹಿಡಿಯಿರಿ. ಹಾಗೇ ಬಾಗಿಕೊಂಡೇ ಎರಡೂ ಕೈ ಹ್ಯಾಂಡಲ್‌ನಿಂದ ಎತ್ತಿ. ಇಪ್ಪತ್ತು ಸೆಕೆಂಡ್ ಹಾಗೇ ಇರೋಕೆ ಆಯಿತಾ? ಆಗ ಹೊಟ್ಟೆ, ಬೆನ್ನು, ತೊಡೆ ಮೂರೂ ಕೆಲಸ ಮಾಡುತ್ತಿರುವುದು ನಿಮಗೇ ಗೊತ್ತಾಗುತ್ತದೆ. ರಸ್ತೆಯಲ್ಲಿ ಕೂರಬೇಕಾದದ್ದು ಹೀಗೇ, ಕೈಯನ್ನು ಮಾತ್ರ ಮೆಲ್ಲಗೆ ಹ್ಯಾಂಡಲ್ ಮೇಲೆ ಇಟ್ಟುಕೊಂಡು. ಕ್ರೂಸರ್‌ನಲ್ಲಿ ನಾವು ಕುರ್ಚಿಯಲ್ಲಿ ಕೂತ ಹಾಗೆ ಕೂರುತ್ತೇವೆ, ಭಾರವೆಲ್ಲ ಸೀಟಿನ ಮೇಲೆ, ಕಾಲಿಗೆ ಗೇರು ಬ್ರೇಕು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಅದೇ ಮೈ ತಂದು ಇಲ್ಲಿ ಕೂರಿಸಿದರೆ ಭಾರವೆಲ್ಲ ಅಂಗೈಗೆ ಬೀಳುತ್ತದೆ.

ಓಡಿಸುವಾಗ ಕೈ ಸಡಿಲ ಇದೆಯಾ ಎಂದು ನೋಡಲು ಸುಲಭದ ಪರೀಕ್ಷೆ ಇದೆ. ನೇರ ರಸ್ತೆಯಲ್ಲಿ ಹೋಗುತ್ತಾ ಎರಡೂ ಮೊಣಕೈಯನ್ನು ರೆಕ್ಕೆಯ ಹಾಗೆ ಸ್ವಲ್ಪ ಅಲ್ಲಾಡಿಸಿ. ಆರಾಮಾಗಿ ಅಲ್ಲಾಡಿದರೆ ಸರಿ. ಸೆಟೆದುಕೊಂಡಿದ್ದರೆ ನೀವು ಹ್ಯಾಂಡಲ್ ಮೇಲೆ ಒರಗಿದ್ದೀರಿ ಎಂದರ್ಥ. ನಾನು ಮೊದಲ ವಾರ ಐದೈದು ನಿಮಿಷಕ್ಕೆ ಇದನ್ನು ಮಾಡುತ್ತಿದ್ದೆ. ಇನ್ನೊಂದು ವಿಷಯ, ಮಣಿಕಟ್ಟು ಜಾಸ್ತಿ ನೋಯುವುದು ಊರೊಳಗೆ. ಹೈವೇಯಲ್ಲಿ 70-80 ದಾಟಿದಾಗ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಭಾರ ಕಡಿಮೆಯಾಗುತ್ತದೆ. ತುಮಕೂರಿನ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಆ ಗಾಳಿ ಎಲ್ಲಿ ಬರಬೇಕು? ಅಲ್ಲಿ ಮಂಡಿಯೇ ಗತಿ.

ಹೆಲ್ಮೆಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಬಾಗಿ ಕೂತಾಗ ರಸ್ತೆ ಕಾಣುವುದು ಗಾಜಿನ ಮೇಲ್ಭಾಗದಿಂದ. ನೆಟ್ಟಗೆ ಕೂತು ಓಡಿಸುವಾಗ ಸರಿ ಇದ್ದ ಹೆಲ್ಮೆಟ್ ಇಲ್ಲಿ ಹಣೆಯ ಹತ್ತಿರ ಅಡ್ಡ ಬರಬಹುದು. ಕನ್ನಡಕ ಹಾಕುವವರಿಗೆ ಫ್ರೇಮಿನ ಮೇಲಿನ ಅಂಚು ಸರಿಯಾಗಿ ಕಣ್ಣಿನ ಮುಂದೆಯೇ ಬರುತ್ತದೆ. ಮನೆಯಲ್ಲೇ ಗಾಡಿ ಮೇಲೆ ಕೂತು ಹಾಕಿ ನೋಡಿ. ಪೂರ್ತಿ ಮುಖ ಮುಚ್ಚುವ, ಐಎಸ್ಐ ಗುರುತಿರುವ ಹೆಲ್ಮೆಟ್ ಇರಲಿ. ಗ್ಲೌಸ್ ಇರಲಿ. ಚಪ್ಪಲಿ ಬೇಡವೇ ಬೇಡ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಇವೆಯಾ ಎಂದು ನೋಡಿಕೊಳ್ಳಿ, ಬೇರೆಯವರ ಗಾಡಿ ಅಲ್ವಾ.

ಮೊದಲ ದಿನ ರಸ್ತೆಗೆ ಹೋಗಬೇಡಿ. ಸೈಟು ಹಂಚಿ ಟಾರ್ ಹಾಕಿ ಇನ್ನೂ ಮನೆ ಏಳದ ಹೊಸ ಲೇಔಟ್‌ಗಳು ನಮ್ಮ ಊರಿನ ಸುತ್ತ ಬೇಕಾದಷ್ಟಿವೆ. ಬೆಳಿಗ್ಗೆ ಆರೂವರೆಗೆ ಹೋದರೆ ಯಾರೂ ಇರುವುದಿಲ್ಲ. ಅಲ್ಲಿ ಮೊದಲು ಕಾಲಿಗೆ ಕೆಲಸ ಕಲಿಸಿ. ಮೀಟಿಯರ್‌ನಲ್ಲಿ ಪಾದ ಮುಂದೆ ಇರುತ್ತದೆ, ಗೇರ್ ಲಿವರ್‌ಗೆ ಹಿಂದೆಯೂ ಒಂದು ತುದಿ ಇದೆ, ಹಿಮ್ಮಡಿಯಿಂದ ಒತ್ತಿದರೆ ಗೇರ್ ಮೇಲೆ ಹೋಗುತ್ತದೆ. ಆರ್15ರಲ್ಲಿ ಪಾದ ನಿಮ್ಮ ಸೊಂಟದ ಕೆಳಗೆ, ಇನ್ನೂ ಸ್ವಲ್ಪ ಹಿಂದೆ. ಗೇರ್ ಏರಿಸಲು ಬೆರಳು ಲಿವರ್ ಕೆಳಗೆ ತೂರಿಸಿ ಮೇಲಕ್ಕೆ ಎತ್ತಬೇಕು. ನನ್ನ ಹಿಮ್ಮಡಿ ಎರಡು ದಿನ ಇಲ್ಲದ ಲಿವರ್ ಹುಡುಕುತ್ತಿತ್ತು. ಗೇರ್ ಬೀಳದಿದ್ದರೆ ಅಂಥ ತೊಂದರೆ ಏನಿಲ್ಲ, ಆದರೆ ಬಲಗಾಲು ಬ್ರೇಕ್ ಹುಡುಕುತ್ತಾ ಮುಂದಕ್ಕೆ ಹೋದರೆ ಅದು ಅಪಾಯ. ಅದಕ್ಕೇ ಗಾಡಿ ನಿಲ್ಲಿಸಿಕೊಂಡು, ಕೆಳಗೆ ನೋಡದೆ, ಐವತ್ತು ಸಲ ಬ್ರೇಕ್ ಪೆಡಲ್‌ಗೆ ಕಾಲು ತಂದು ತೆಗೆಯಿರಿ. ಬೇಜಾರಾದರೂ ಮಾಡಿ.

ಎಂಜಿನ್ ವಿಷಯಕ್ಕೆ ಬಂದರೆ ಕ್ರೂಸರ್‌ನವರಿಗೆ ದೊಡ್ಡ ಗೊಂದಲ ಇಲ್ಲೇ. ಮೀಟಿಯರ್ 20 ಬಿಎಚ್‌ಪಿ, ಆರ್15 ಸುಮಾರು 18. ಹೆಚ್ಚು ಕಡಿಮೆ ಒಂದೇ ಅಲ್ವಾ? ಆದರೆ ಆ ಶಕ್ತಿ ಸಿಗುವ ಜಾಗ ಬೇರೆ. ಮೀಟಿಯರ್‌ನ 349 ಸಿಸಿ ಎಂಜಿನ್ ನಿಮಿಷಕ್ಕೆ 4,000 ಸುತ್ತು, ಅಂದರೆ 4,000 ಆರ್‌ಪಿಎಂಗೇ ತನ್ನ 27 ನ್ಯೂಟನ್ ಮೀಟರ್ ಎಳೆತವನ್ನು ಪೂರ್ತಿ ಕೊಟ್ಟುಬಿಡುತ್ತದೆ. ಆರ್15ರ 155 ಸಿಸಿ ಎಂಜಿನ್‌ನ ಎಳೆತ ಅದರ ಅರ್ಧದಷ್ಟು, ಸುಮಾರು 14, ಅದೂ 7,500ರಲ್ಲಿ. ಪೂರ್ತಿ ಶಕ್ತಿ ಬರುವುದು 10,000ದಲ್ಲಿ. ಹಾಗಾಗಿ ಮೀಟಿಯರ್ ಹಾಗೆ ಎಂಜಿನ್ ಹೆಚ್ಚು ಎಬ್ಬಿಸದೆ ಕ್ಲಚ್ ಬಿಟ್ಟರೆ ಇದು ನಿಂತುಹೋಗುತ್ತದೆ. ಹೊರಡುವಾಗ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡಿ.

ಲಾರಿ ದಾಟುವಾಗ ಇದು ಇನ್ನೂ ಮುಖ್ಯ. ಮೀಟಿಯರ್‌ನಲ್ಲಿ ಐದನೇ ಗೇರಲ್ಲೇ 60ರಿಂದ ಕೈ ತಿರುಗಿಸಿದರೆ ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಆರ್15ರಲ್ಲಿ ಆರನೇ ಗೇರಲ್ಲಿ ಹಾಗೆ ಮಾಡಿದರೆ ಲಾರಿಯ ಪಕ್ಕದಲ್ಲೇ ಉಳಿಯುತ್ತೀರಿ. ದಾಟಲು ಹೊರಡುವ ಮೊದಲೇ, ಲಾರಿಯ ಹಿಂದೆ ಇರುವಾಗಲೇ ಎರಡು ಗೇರ್ ಇಳಿಸಿ. ಎಂಜಿನ್ ಕೂಗುತ್ತದೆ, ಕೂಗಲಿ. 7,400 ಆರ್‌ಪಿಎಂ ಹತ್ತಿರ ಸದ್ದು ಇದ್ದಕ್ಕಿದ್ದ ಹಾಗೆ ಗಡುಸಾಗುತ್ತದೆ. ಅಲ್ಲಿ ವಿವಿಎ ಅನ್ನುವ ವ್ಯವಸ್ಥೆ ಎಂಜಿನ್‌ಗೆ ಗಾಳಿ ಬಿಡುವ ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಕ್ರೂಸರ್ ಕಿವಿಗೆ ಇದು ಎಂಜಿನ್ ಒದ್ದಾಡುತ್ತಿರುವ ಹಾಗೆ ಕೇಳುತ್ತದೆ, ತಕ್ಷಣ ಕೈ ಬಿಡಬೇಕು ಅನ್ನಿಸುತ್ತದೆ. ಬೇಡ, ಈ ಎಂಜಿನ್ ಕೆಲಸ ಮಾಡುವುದೇ ಅಲ್ಲಿ. ಎಂಜಿನ್ ಬಿಸಿಯಾಗುವ ತನಕ ಮಾತ್ರ ಅಷ್ಟು ಮೇಲಕ್ಕೆ ಎಬ್ಬಿಸಬೇಡಿ.

ಇನ್ನು ಬ್ರೇಕ್. ಕ್ರೂಸರ್‌ನಲ್ಲಿ ನಾವು ಹಿಂದೆ ಕೂತಿರುತ್ತೇವೆ, ಗಾಡಿಯೂ ಉದ್ದ, ಅದಕ್ಕೇ ಹಿಂದಿನ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ನಮಗೂ ಅದೇ ಅಭ್ಯಾಸ. ಇಲ್ಲಿ ಸವಾರ ಮುಂದೆ ಬಾಗಿರುತ್ತಾನೆ, ಬ್ರೇಕ್ ಹಾಕಿದ ಕೂಡಲೇ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೂ ಪ್ರಯೋಜನ ಕಡಿಮೆ. ನಿಲ್ಲಿಸುವುದು ಮುಂದಿನ ಬ್ರೇಕೇ. ಆದರೆ ಗಬಕ್ಕನೆ ಹಿಡಿಯಬೇಡಿ. ಎರಡು ಬೆರಳಿನಿಂದ, ನಿಂಬೆಹಣ್ಣು ಹಿಂಡುವ ಹಾಗೆ, ಮೊದಲು ಮೆಲ್ಲಗೆ, ಭಾರ ಮುಂದೆ ಬಂದ ಮೇಲೆ ಗಟ್ಟಿಯಾಗಿ. ಖಾಲಿ ಲೇಔಟ್‌ನಲ್ಲಿ 30ರಿಂದ ಶುರು ಮಾಡಿ, ಆಮೇಲೆ 40, ಆಮೇಲೆ 50. ಬ್ರೇಕ್ ಹಿಡಿದಾಗ ಮಂಡಿ ಬಿಗಿಯಿಲ್ಲದಿದ್ದರೆ ಮೈ ಜಾರಿ ಟ್ಯಾಂಕಿಗೆ ಬಡಿಯುತ್ತದೆ, ಕೈ ಹ್ಯಾಂಡಲನ್ನು ತಳ್ಳುತ್ತದೆ, ಗಾಡಿ ಅಡ್ಡಾದಿಡ್ಡಿ ಆಡುತ್ತದೆ. ಎಬಿಎಸ್ ಇದೆ ನಿಜ, ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ. ವಾಲಿಕೊಂಡು ತಿರುಗುತ್ತಿರುವಾಗ ಪೂರ್ತಿ ಬ್ರೇಕ್ ಹಿಡಿದರೆ ಅದನ್ನು ನಂಬಿಕೊಳ್ಳುವುದಕ್ಕೆ ಆಗುವುದಿಲ್ಲ.

ಯೂ ಟರ್ನ್ ಬಗ್ಗೆ ನನಗೆ ಪಾಠ ಆದದ್ದು ಮೂರನೇ ದಿನ. ಬಿ.ಎಚ್. ರಸ್ತೆಯಲ್ಲಿ ಮೀಟಿಯರ್ ತಿರುಗಿಸುವಷ್ಟೇ ಜಾಗದಲ್ಲಿ ಇದನ್ನೂ ತಿರುಗಿಸಲು ಹೋದೆ. ಹ್ಯಾಂಡಲ್ ಅರ್ಧದಲ್ಲೇ ನಿಂತಿತು. ಇದರ ಹ್ಯಾಂಡಲ್ ಅಷ್ಟು ಅಗಲಕ್ಕೆ ತಿರುಗುವುದಿಲ್ಲ. ಎದುರಿಂದ ಬಸ್ಸು, ನಾನು ರಸ್ತೆಗೆ ಅಡ್ಡ, ಕಾಲು ಊರಿ ಹಿಂದೆ ತಳ್ಳಿ ಹೇಗೋ ಹೊರಬಂದೆ. ಆವತ್ತು ಸಂಜೆಯೇ ಲೇಔಟ್‌ಗೆ ಹೋಗಿ ಯೂ ಟರ್ನ್ ಒಂದನ್ನೇ ಅಭ್ಯಾಸ ಮಾಡಿದೆ. ಅಗಲವಾಗಿ ತೆಗೆದುಕೊಳ್ಳಿ, ಕ್ಲಚ್ ಅರ್ಧ ಹಿಡಿದಿರಲಿ, ಹಿಂದಿನ ಬ್ರೇಕ್ ಮೇಲೆ ಸಣ್ಣ ಒತ್ತಡ ಇರಲಿ, ಮುಂದಿನ ಬ್ರೇಕ್ ಮುಟ್ಟಬೇಡಿ, ಕತ್ತು ತಿರುಗಿಸಿ ನೀವು ಹೋಗಬೇಕಾದ ಕಡೆ ನೋಡಿ. ಜಾಗ ಸಾಲದು ಅನ್ನಿಸಿದರೆ ಮುಂದಿನ ಸರ್ಕಲ್ ತನಕ ಹೋಗಿ ಬನ್ನಿ. ಕನ್ನಡಿಯಲ್ಲಿ ನಿಮ್ಮ ಮೊಣಕೈಯೇ ಅರ್ಧ ಕಾಣುತ್ತದೆ, ಅದಕ್ಕೇ ತಿರುಗುವ ಮೊದಲು ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿ.

ನಾಲ್ಕನೇ ದಿನ ಬೆಳಿಗ್ಗೆ ಪಕ್ಕದ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆ. ಮೊದಲ ದೂರದ ಸವಾರಿಗೆ ಅಷ್ಟು ಸಾಕು. ಹೋಗುವಾಗ ಒಂದಷ್ಟು ಹಂಪು, ಬರುವಾಗ ಒಂದಷ್ಟು ಹಂಪು. ಹಂಪು ಬಂದಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಂಚು ಎದ್ದರೆ ಬೆನ್ನಿಗೆ ಏಟೇ ಬೀಳುವುದಿಲ್ಲ. ಕ್ರೂಸರ್‌ನಲ್ಲಿ ಪಾದ ಮುಂದೆ ಇರುವುದರಿಂದ ಹೀಗೆ ಏಳುವುದು ಕಷ್ಟ. ಇದು ನನಗೆ ತುಂಬಾ ಇಷ್ಟವಾಯಿತು.

ದೇವರಾಯನದುರ್ಗ ಬೆಟ್ಟಕ್ಕೆ ಹೋದದ್ದು ಎರಡನೇ ವಾರ, ಅದೂ ವಾರದ ಮಧ್ಯೆ. ನೀವೂ ಒಂದು ವಾರ ಕಾಯಿರಿ, ಭಾನುವಾರ ಬೇಡ. ತಿರುವಿನಲ್ಲಿ ಗಾಡಿ ವಾಲಬೇಕಾದರೆ, ಬಲಕ್ಕೆ ಹೋಗಲು ಹ್ಯಾಂಡಲ್‌ನ ಬಲ ತುದಿಯನ್ನು ಮುಂದಕ್ಕೆ ಮೆಲ್ಲಗೆ ತಳ್ಳಬೇಕು, ಎಡಕ್ಕಾದರೆ ಎಡ ತುದಿಯನ್ನು. ಮೀಟಿಯರ್‌ನಲ್ಲೂ ನೀವು ಗೊತ್ತಿಲ್ಲದೇ ಇದನ್ನೇ ಮಾಡುತ್ತೀರಿ. ಆದರೆ ಅದು ಉದ್ದ ಗಾಡಿ, ಭಾರ ಜಾಸ್ತಿ, ಹೇಳಿದ ಮಾತು ನಿಧಾನಕ್ಕೆ ಕೇಳುತ್ತದೆ. ಆರ್15ರ ಎರಡು ಚಕ್ರದ ನಡುವಿನ ಅಂತರ 1,325 ಮಿಲಿಮೀಟರ್, ಮೀಟಿಯರ್‌ದು 1,400. ಇದು ಬೆರಳಷ್ಟು ತಳ್ಳಿದರೂ ತಿರುಗುತ್ತದೆ. ಕೈ ಸೆಟೆದಿದ್ದರೆ ನಿಮ್ಮ ಎರಡೂ ಕೈ ಒಂದಕ್ಕೊಂದು ಎದುರಾಗಿ ತಳ್ಳುತ್ತಿರುತ್ತವೆ, ಗಾಡಿ ತಿರುಗುವುದೇ ಇಲ್ಲ ಅನ್ನಿಸುತ್ತದೆ. ವೇಗ ಇಳಿಸುವುದು, ಗೇರ್ ಇಳಿಸುವುದು ಎಲ್ಲಾ ತಿರುವಿಗೆ ಮೊದಲೇ ಮುಗಿಯಲಿ.

ಇಲ್ಲಿ ಒಂದು ಮಾತು ಗಮನ ಇಟ್ಟು ಕೇಳಿ. ಮೀಟಿಯರ್‌ನಲ್ಲಿ ಜಾಸ್ತಿ ವಾಲಿದರೆ ಫುಟ್‌ರೆಸ್ಟ್ ರಸ್ತೆಗೆ ಉಜ್ಜಿ ಕರ್ರ್ ಅನ್ನುತ್ತದೆ, ಸಾಕು ಎಂದು ಗೊತ್ತಾಗುತ್ತದೆ. ಆರ್15ರ ಫುಟ್‌ರೆಸ್ಟ್ ಎತ್ತರದಲ್ಲಿದೆ, ಆ ಎಚ್ಚರಿಕೆ ಬರುವ ಹೊತ್ತಿಗೆ ನಮ್ಮ ಬೆಟ್ಟದ ರಸ್ತೆಯಲ್ಲಿ ಟೈರೇ ಜಾರಿರುತ್ತದೆ. ಗಾಡಿ ಇನ್ನೂ ವಾಲುತ್ತದೆ ಅನ್ನುವುದು ಇನ್ನೂ ವಾಲಿಸಲು ಕಾರಣವಲ್ಲ. ಮರಳು, ಒಣ ಎಲೆ, ತಿರುವಿನಲ್ಲೇ ಕೂತ ಕೋತಿಗಳು, ಎಲ್ಲಾ ಇರುತ್ತವೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಯಾದರೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಒಣ ಹುಲ್ಲಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ. ಮೊದಲೇ ನಿಧಾನ ಮಾಡಿ, ಗಾಡಿ ನೆಟ್ಟಗೆ ಇಟ್ಟುಕೊಂಡು, ಬ್ರೇಕ್ ಮುಟ್ಟದೆ, ಒಂದೇ ವೇಗದಲ್ಲಿ ದಾಟಿ. ದಾಟಿದ ಮೇಲೆ ನಿಲ್ಲಿಸಿ ಚೈನಿಗೆ ಬಳ್ಳಿ ಸುತ್ತಿಕೊಂಡಿದೆಯಾ ನೋಡಿ.

ಬೆಟ್ಟ ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಇಳಿಜಾರಿನಲ್ಲಿ ಮೈಯೆಲ್ಲಾ ಮುಂದಕ್ಕೆ ಜಾರುತ್ತದೆ, ಕೈ ತಾನಾಗಿ ಸೆಟೆಯುತ್ತದೆ. ಎರಡನೇ ಗೇರಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ತಡೆಯಲಿ, ಮಂಡಿಯಿಂದ ಟ್ಯಾಂಕ್ ಬಿಡಲೇಬೇಡಿ. ನಾನು ಇಳಿಯುವಾಗ ಮಧ್ಯೆ ಅಗಲವಾದ ಜಾಗ ನೋಡಿ ಎರಡು ಸಲ ನಿಲ್ಲಿಸಿ ಕೈ ಕೊಡವಿಕೊಂಡೆ. ಬೆಟ್ಟದ ಕೆಳಗಿನ ನಾಮದ ಚಿಲುಮೆ ಹತ್ತಿರ ಬಂದು ನಿಂತಾಗ ತೊಡೆ ನೋಯುತ್ತಿತ್ತು, ಮಣಿಕಟ್ಟು ನೋಯುತ್ತಿರಲಿಲ್ಲ. ಅಷ್ಟು ಖುಷಿ ನನಗೆ ಬೈಕ್ ಮೇಲೆ ಆಗಿ ತುಂಬಾ ವರ್ಷ ಆಗಿತ್ತು.

ವಾಪಸ್ ಕ್ರೂಸರ್ ಹತ್ತುವ ದಿನವೂ ಹುಷಾರು. ಚೈನಿಗೆ ಎಣ್ಣೆ ಹಾಕಿ, ಟ್ಯಾಂಕ್ ತುಂಬಿಸಿ ಆರ್15 ಕೊಟ್ಟುಬಂದ ಬೆಳಿಗ್ಗೆ ಮೀಟಿಯರ್ ಹತ್ತಿದರೆ ನನ್ನ ಪಾದ ಫುಟ್‌ರೆಸ್ಟನ್ನು ಹಿಂದೆ ಹುಡುಕಿತು, ಬ್ರೇಕ್ ಹಿಡಿದಾಗ 191 ಕೆಜಿ ನಾನು ಅಂದುಕೊಂಡಲ್ಲಿ ನಿಲ್ಲದೆ ಒಂದು ಮಾರು ಮುಂದೆ ಹೋಗಿ ನಿಂತಿತು. ಆ ಒಂದು ದಿನ ಮುಂದಿನ ಗಾಡಿಯಿಂದ ಜಾಸ್ತಿ ದೂರ ಬಿಟ್ಟುಕೊಂಡು, ಗೊತ್ತಿರುವ ರಸ್ತೆಯಲ್ಲೇ ಓಡಿಸಿ.